ಐದನೇ ಚೌಕದ ಮನುಷ್ಯ

ನೀಲವ್ವನ ತಲೆಗೆ ಬಿದ್ದದ್ದು ನಾಲ್ಕು ಕಿಲೋ ತೂಕದ ಸುತ್ತಿಗೆ. ಗ್ರಾನೈಟ್ ಬಂಡೆಯ ಅಂಚು ಒಡೆಯಲು ಬಳಸುವಂಥದ್ದು. ಮೊದಲನೇ ಏಟು ಎಡಗಿವಿಯ ಹಿಂದೆ, ಎರಡನೆಯದು ಬಲಗಿವಿಯ ಹಿಂದೆ, ಮೂರನೆಯದು ಕುತ್ತಿಗೆ ತಲೆಗೆ ಸೇರುವ ಜಾಗದಲ್ಲಿ. ಮೂರನೇ ಏಟು ಬೀಳುವ ಹೊತ್ತಿಗೆ ಅವಳು ಬೋರಲಾಗಿ ನೆಲಕ್ಕೆ ಬಿದ್ದಿದ್ದಳು ಎಂದು ವೈದ್ಯರು ಬರೆದಿದ್ದಾರೆ. ಅಂದರೆ ಬಿದ್ದವಳನ್ನೂ ಬಿಡಲಿಲ್ಲ.

ಅವಳು ಸಾಯಲಿಲ್ಲ. ಅದನ್ನು ಅದೃಷ್ಟ ಎಂದವರ ಕಪಾಳಕ್ಕೆ ಬಾರಿಸಬೇಕು ಎನಿಸುತ್ತದೆ ನನಗೆ. ಮೆದುಳಿನ ಬುಡದಲ್ಲಿ ಹೆಬ್ಬೆರಳು ದಪ್ಪದ ಒಂದು ಕಾಂಡವಿದೆ. ಮೆದುಳು ಮೈಗೆ ಕೊಡುವ ಆಜ್ಞೆಗಳೆಲ್ಲ ಅದರ ಮೂಲಕವೇ ಹೋಗಬೇಕು. ಮೂರನೇ ಏಟು ಅದನ್ನು ಜಜ್ಜಿತ್ತು. ಕೈಕಾಲು ಹೋದವು, ನಾಲಿಗೆ ಹೋಯಿತು, ಕಣ್ಣುಗುಡ್ಡೆ ನಟ್ಟನಡುವೆ ನಿಂತುಬಿಟ್ಟಿತು. ರೆಪ್ಪೆ ಕೂಡ ಆಡುತ್ತಿರಲಿಲ್ಲ. ನರ್ಸ್ ತಾಸಿಗೊಮ್ಮೆ ಬಂದು ಕಣ್ಣಿಗೆ ಹನಿ ಹಾಕಿ, ಬೆರಳಿನಿಂದ ರೆಪ್ಪೆ ಮುಚ್ಚಿ ತೆಗೆಯುತ್ತಿದ್ದಳು. ಎರಡೂ ಕಿವಿಯ ಎಲುಬು ಒಡೆದಿದ್ದರಿಂದ ಏನೂ ಕೇಳಿಸುತ್ತಿರಲಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟು ಕಲ್ಲು ಒಡೆಯಲು ಹೋದವಳಾದ್ದರಿಂದ ಓದಲೂ ಬಾರದು. ಆದರೆ ಅವಳ ಮೆದುಳು ಎಚ್ಚರವಾಗಿತ್ತು, ಅವಳಿಗೆ ಎದುರಿನದು ಕಾಣುತ್ತಿತ್ತು. ಮೂವತ್ತೊಂದು ವರ್ಷದ ಹೆಂಗಸೊಬ್ಬಳು ತನ್ನ ತಲೆಬುರುಡೆಯೊಳಗೆ ಜೀವಂತ ಕುಳಿತಿದ್ದಳು, ಹೊರಗೆ ಬರಲು ಬಾಗಿಲಿರಲಿಲ್ಲ.

ಬಾಗಿಲು ನನ್ನ ಹತ್ತಿರವಿದೆ ಎಂದು ನಾನು ಹೇಳಿದೆ. ನನಗೆ ಅಷ್ಟು ಜಂಬವಿತ್ತು.

ನನ್ನ ಹೆಸರು ಚಂದ್ರಮೌಳಿ. ತುಮಕೂರಿನ ಕಡೆಯವನು. ಹೆಂಡತಿ ಗಿರಿಜಾಳ ತವರು ಬಾಗಲಕೋಟೆ ಎಂಬ ಕಾರಣಕ್ಕೆ ಇಲ್ಲಿಗೆ ಬಂದು, ನವನಗರದಲ್ಲಿ ಸಣ್ಣದೊಂದು ಪ್ರಯೋಗಾಲಯ ಮಾಡಿಕೊಂಡು ಹನ್ನೊಂದು ವರ್ಷವಾಯಿತು. ಅಲ್ಲಿ ನಾನು ಕಟ್ಟಿದ ಯಂತ್ರದ ಹೆಸರು ಮುಂಗಣ್ಣು. ನೋಡಲು ಬಟ್ಟೆಯ ಟೋಪಿ, ಒಳಗೆ ಇನ್ನೂರು ತಂತಿ, ಹಣೆಯ ಮೇಲೆ ಎದುರಿನದನ್ನು ಪರದೆಗೆ ತರುವ ಪುಟ್ಟ ಕ್ಯಾಮೆರಾ.

ಅದು ಮಾಡುವ ಕೆಲಸವನ್ನು ಹೀಗೆ ಹೇಳಬಹುದು. ಈ ಸಾಲು ಓದುತ್ತಿರುವ ನಿಮ್ಮ ಕಣ್ಣು ಅಕ್ಷರದ ಮೇಲೆ ಜಾರುತ್ತಿಲ್ಲ, ಜಿಗಿಯುತ್ತಿದೆ. ಸೆಕೆಂಡಿಗೆ ಮೂರು ಸಲ. ಪ್ರತಿ ಜಿಗಿತಕ್ಕೆ ಮುಂಚೆ, ನೆತ್ತಿಯಿಂದ ತುಸು ಹಿಂದಕ್ಕೆ, ಪೆರೈಟಲ್ ಕಾರ್ಟೆಕ್ಸ್ ಎಂಬ ಭಾಗದಲ್ಲಿ ಒಂದು ನಕ್ಷೆ ಏಳುತ್ತದೆ. ಎದುರಿಗಿರುವ ನೂರು ವಸ್ತುಗಳಲ್ಲಿ ಈಗ ಯಾವುದು ಮುಖ್ಯ ಎಂಬ ನಕ್ಷೆ ಅದು. ಯಾವ ಜಾಗದಲ್ಲಿ ನಕ್ಷೆ ಹೆಚ್ಚು ಉರಿಯುತ್ತದೋ ಅಲ್ಲಿಗೆ ಕಣ್ಣು ಜಿಗಿಯಬೇಕೆಂದು ಮೆದುಳಿನ ಕಾಂಡಕ್ಕೆ ಆಜ್ಞೆ ಹೋಗುತ್ತದೆ. ಕಾಂಡ ಜಜ್ಜಿಹೋದರೂ ನಕ್ಷೆ ಏಳುವುದು ನಿಲ್ಲುವುದಿಲ್ಲ. ನನ್ನ ಟೋಪಿ ಆ ನಕ್ಷೆಯನ್ನು ಓದಿ, ಕಣ್ಣು ಎಲ್ಲಿಗೆ ಹೋಗಬೇಕೆಂದಿತ್ತೋ ಅಲ್ಲಿ ಪರದೆಯ ಮೇಲೆ ಕೆಂಪು ಚುಕ್ಕಿ ಇಡುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ನಕ್ಷೆಗೆ 'ಇದು ಮುಖ್ಯ' ಎನ್ನಲು ಮಾತ್ರ ಬರುತ್ತದೆ. ಯಾಕೆ ಮುಖ್ಯ ಎನ್ನಲು ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಪಾಠ ಮಾಡುವಾಗ ಮೊದಲ ದಿನವೇ ಹೇಳುತ್ತಿದ್ದೆ. ಇನ್‌ಸ್ಪೆಕ್ಟರ್ ಹಾದಿಮನಿ ಎದುರು ಬಂದು ಕೂತಾಗ ಮಾತ್ರ ಅದನ್ನು ಜೋರಾಗಿ ಹೇಳಲಿಲ್ಲ.

"ಡಾಕ್ಟರ್ ಸಾಹೇಬ್ರ, ಅವತ್ತ ಮಧ್ಯಾಹ್ನ ಆ ಕಲ್ಲಿನ ಕಾರ್ಖಾನ್ಯಾಗ ಇದ್ದವರು ಆರು ಗಂಡಸರು ಅಷ್ಟ. ಅಕಿ ಗಂಡ ಕಳಕಪ್ಪ, ಗಂಡನ ಅಣ್ಣ ಫಕೀರಪ್ಪ, ನಾಲ್ಕು ಮಂದಿ ಆಳು. ಆರೂ ಮಂದಿ ಫೋಟೋ ತಂದೀನಿ. ಅಕಿ ಯಾರನ್ನ ನೋಡ್ತಾಳ, ಅಷ್ಟ ಹೇಳ್ರಿ. ಉಳಿದದ್ದು ನಾ ನೋಡ್ಕೋತೀನಿ."

ಆಸ್ಪತ್ರೆಯ ಕೋಣೆಯಲ್ಲಿ ಪರದೆ ಕಟ್ಟಿದೆವು. ಎಡಕ್ಕೆ ಮೇಲಿಂದ ಕೆಳಗೆ ಒಂದು, ಎರಡು, ಮೂರನೇ ಚೌಕ, ಬಲಕ್ಕೆ ಹಾಗೆಯೇ ನಾಲ್ಕು, ಐದು, ಆರು, ನೀಲವ್ವನ ನಿಂತ ನೋಟ ನಟ್ಟನಡುವೆ. ಎರಡನೇ ಚೌಕದಲ್ಲಿ ಫಕೀರಪ್ಪ, ಐದನೆಯದರಲ್ಲಿ ಕಳಕಪ್ಪ. ಪ್ರತಿ ಸಲವೂ ಫೋಟೋಗಳ ಜಾಗ ಬದಲಿಸಬೇಕೆಂದು ನಾನು ಹೇಳಿದೆ. ಹಾದಿಮನಿ ಕೈಯಲ್ಲಿದ್ದ ಹಾಳೆ ತೋರಿಸಿದ.

"ಪಂಚನಾಮೆ ಆಗೇತ್ರಿ. ಒಂದರಿಂದ ಆರರ ತನಕ ಯಾರ್ಯಾರು ಅಂತ ಬರದು ಪಂಚರು ಸಹಿ ಮಾಡ್ಯಾರ. ಇನ್ನ ಅದನ್ನ ಅಲ್ಲಾಡಿಸಿದ್ರ ನಾಳೆ ವಕೀಲ ನನ್ನ ಬಿಡೂದಿಲ್ಲ."

ನಾನು ಎರಡು ಸಲ ತಲೆ ಅಲ್ಲಾಡಿಸಿ ಸುಮ್ಮನಾದೆ. ಸರಿಯಾದ ಮಾತನ್ನು ಮೆಲ್ಲಗೆ ಹೇಳಿ ಬಿಟ್ಟುಬಿಡುವುದು ನನ್ನಂಥವರ ಹಳೆಯ ಚಾಳಿ.

ಕೋಣೆಯಲ್ಲಿ ನೀಲವ್ವನ ಅಣ್ಣ ದ್ಯಾಮಣ್ಣ ಇದ್ದ. ಅವಳ ಪರವಾಗಿ ಸಹಿ ಹಾಕಲು ತವರಿನ ಗಂಡಸು ಬೇಕಿತ್ತು. ಕಲ್ಲುಕುಟಿಗ. ಮೊಣಕೈವರೆಗೂ ಕಲ್ಲಿನ ಪುಡಿ ಮೆತ್ತಿದ ಆಸಾಮಿ. ತಂಗಿಯ ಕಾಲ ಹೆಬ್ಬೆರಳು ಹಿಡಿದುಕೊಂಡು, ಪರದೆಯನ್ನೇ ನೋಡುತ್ತ ನಿಂತಿದ್ದ. ಕಳಕಪ್ಪ, ಫಕೀರಪ್ಪ ಇಬ್ಬರೂ ಹೊರಗೆ ಬೆಂಚಿನ ಮೇಲಿದ್ದರು.

ಪರದೆಯ ಮೇಲೆ ಆರು ಮುಖ ಮೂಡಿದವು. ಚುಕ್ಕಿ ಐದನೇ ಚೌಕದ ಮೇಲೆ ಬಂತು. ಪರದೆ ಆರಿಸಿದೆ, ಮತ್ತೆ ತೋರಿಸಿದೆ. ಮತ್ತೆ ಐದು. ನಲವತ್ತು ಸಲ ತೋರಿಸಿದೆ, ಮೂವತ್ತೆಂಟು ಸಲ ಚುಕ್ಕಿ ಐದನೇ ಚೌಕಕ್ಕೇ ಹೋಗಿ ಕೂತಿತು. ಅಷ್ಟು ಖಚಿತವಾದ ಫಲಿತಾಂಶವನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

"ಐದು," ಎಂದೆ.

ದ್ಯಾಮಣ್ಣ ತಂಗಿಯ ಹೆಬ್ಬೆರಳು ಬಿಟ್ಟ. ಗೋಡೆಗೆ ಒರಗಿಸಿದ್ದ ಸಲೈನ್ ಸ್ಟ್ಯಾಂಡನ್ನು ಎತ್ತಿಕೊಂಡು ಹೊರಗೆ ಹೋದ. ಎಲ್ಲರೂ ಪರದೆ ನೋಡುತ್ತಿದ್ದೆವು, ಯಾರೂ ಅವನನ್ನು ತಡೆಯಲಿಲ್ಲ.

ಸ್ಟ್ಯಾಂಡಿನ ಕಬ್ಬಿಣದ ಪಾದ ಕಳಕಪ್ಪನ ಬಾಯಿಗೆ ಬಡಿದ ಸದ್ದು ಕೇಳಿ ನಾವು ಹೊರಗೆ ಓಡಿದೆವು. ಅವನು ಬೆಂಚಿನಿಂದ ಕೆಳಗೆ ಬಿದ್ದಿದ್ದ. ದ್ಯಾಮಣ್ಣ ಅವನ ಎದೆಯ ಮೇಲೆ ಕಾಲಿಟ್ಟು, ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ಹೊಡೆಯುತ್ತಿದ್ದ. ಹಲ್ಲುಗಳು ಬಿಳಿ ಹಾಸುಗಲ್ಲಿನ ಮೇಲೆ ಉರುಳಿದವು. ಕಳಕಪ್ಪ ಕೈ ಅಡ್ಡ ತಂದಾಗ ಮೊಣಕೈ ಲಟಕ್ಕೆಂದು ಮುರಿಯಿತು. "ಯಾಕೋ ಮಾವಾ, ಯಾಕೋ," ಎನ್ನುತ್ತಿದ್ದ, ಬಾಯಿಂದ ರಕ್ತ ಗುಳುಗುಳು ಬರುತ್ತಿದ್ದುದರಿಂದ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಮೂವರು ಪೊಲೀಸರು ಸೇರಿ ದ್ಯಾಮಣ್ಣನನ್ನು ಎಳೆದರು. ಆಮೇಲೆ ಅದೇ ಪೊಲೀಸರು ಕಳಕಪ್ಪನ ಕೂದಲು ಹಿಡಿದು ಎಬ್ಬಿಸಿದರು.

ಪಕ್ಕದಲ್ಲಿ ಫಕೀರಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. "ತಮ್ಮಾ, ಇದೇನ ಮಾಡಿದ್ಯೋ! ಹೊನ್ನಿನಂಥ ಹೆಣ್ಣಮಗಳಿಗೆ ಹಿಂಗ ಮಾಡಾಕ ನಿನಗ ಮನಸ್ಸರ ಹೆಂಗ ಬಂತೋ!" ನೋಡಿದವರ ಕಣ್ಣಲ್ಲಿ ನೀರು ಬರುವಂತೆ ಅಳುತ್ತಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದವನು ನಾನೇ.

ಕೋರ್ಟು ಕಳಕಪ್ಪನನ್ನು ಐದು ದಿನ ಪೊಲೀಸ್ ವಶಕ್ಕೆ ಕೊಟ್ಟಿತು. ತಂಗಿಯ ಸ್ಥಿತಿ ನೋಡಿ ತಲೆ ಕೆಟ್ಟು ಹೊಡೆದ ಎಂದು ದ್ಯಾಮಣ್ಣನನ್ನು ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಿದರು. ನಾಲ್ಕನೇ ದಿನ ನನ್ನ ವರದಿಗೆ ಸಹಿ ಹಾಕಲು ಠಾಣೆಗೆ ಹೋದೆ. ಹಿಂದಿನ ಕೋಣೆಯಿಂದ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆಯುವಂಥ ಸದ್ದು ಬರುತ್ತಿತ್ತು. ಒಂದೇ ಲಯದಲ್ಲಿ, ಅವಸರವಿಲ್ಲದೆ. ನಾನು ಮೂರು ಕಡೆ ಸಹಿ ಹಾಕುವ ತನಕ ಅದು ನಿಲ್ಲಲಿಲ್ಲ.

"ಬಾಯಿ ಬಿಡವಲ್ಲ," ಎಂದ ಹಾದಿಮನಿ. "ಮಷಿನ್ನ ಹೇಳೇತಿ, ಇನ್ನ ನಿಂದೇನ ಅಂದ್ರ, ಅದನ್ನ ಕೇಳಿ ನಗತಾನ್ರಿ ಮಗಾ."

"ನಗ್ತಾನಾ?"

"ನೀವ ನೋಡ್ರಿ ಬೇಕಾರ."

ಕಳಕಪ್ಪ ಗೋಡೆಗೆ ಬೆನ್ನು ತಾಗದಂತೆ ಮಗ್ಗುಲಾಗಿ ಮಲಗಿದ್ದ. ಅಂಗಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿದ್ದವು. ಬಲಗೈಯ ಎರಡು ಬೆರಳಿಗೆ ಉಗುರು ಇರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ಗುರುತು ಹಿಡಿದ.

"ಟೊಪಗಿ ಸಾಹೇಬ್ರಲ್ರಿ ನೀವು? ಒಂದ್ ಮಾತ ಕೇಳ್ತೀನ್ರಿ. ನೀಲಾ ನನ್ನ ನೋಡಿದಳಂತ, ಖರೇನ್ರಿ?"

"ಹೌದು," ಎಂದೆ.

"ಎಷ್ಟ ಸಲಾರಿ?"

"ಮೂವತ್ತೆಂಟು ಸಲ."

ಅವನು ನಕ್ಕ. ಮುಂದಿನ ಹಲ್ಲಿಲ್ಲದ ಬಾಯಿ, ಒಡೆದ ತುಟಿ. ಆದರೂ ಅದು ನಗುವೇ. "ಅಕಿ ಇನ್ನ ಇಲ್ಲ ಅಂತ ನಾ ತಿಳದಿದ್ನಿರಿ. ಉಸರಾಟ ಅಷ್ಟ ಐತಿ, ಒಳಗ ಯಾರೂ ಇಲ್ಲ ಅಂತ. ನನ್ನ ಹುಡುಕಾಕತ್ತಾಳಂದ್ರ ಒಳಗ ಅದಾಳಲ್ರಿ. ಸಾಹೇಬ್ರ, ಇವರು ನನ್ನ ಏನರ ಮಾಡ್ಲಿ, ಒಮ್ಮೆ ಅಕಿ ಮುಂದ ನಿಲ್ಲಸ್ರಿ ನನ್ನ. ನಾ ಇಲ್ಲೇ ಅದೀನಿ ಅಂತ ಅಕಿಗಿ ಗೊತ್ತಾಗ್ಲಿ."

ಕೊಲೆಗಡುಕರು ಚೆನ್ನಾಗಿ ನಟಿಸುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡರೂ ಅವನ ನಗು ನನ್ನ ಬೆನ್ನು ಬಿಡಲಿಲ್ಲ.

ಐದನೇ ದಿನ ಮಧ್ಯಾಹ್ನ ಮೂರಕ್ಕೆ ಅವನನ್ನು ಮತ್ತೆ ಕೋರ್ಟಿಗೆ ತರಬೇಕಿತ್ತು. ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ. ಎರಡು ತುತ್ತು ತಿಂದು ತಟ್ಟೆ ಸರಿಸಿದೆ. ಬಡಿಸುತ್ತಿದ್ದ ಅತ್ತೆ ಬಸಲಿಂಗವ್ವ ನನ್ನ ಮುಖ ನೋಡಿದರು. ಎಪ್ಪತ್ತೆರಡು ವಯಸ್ಸು. ಹೊಸ ತಂತಿ ಹಾಕಿದಾಗೆಲ್ಲ ಮುಂಗಣ್ಣಿನ ಟೋಪಿಯನ್ನು ಮೊದಲು ಅವರ ತಲೆಗೇ ಹಾಕಿ ಸರಿಮಾಡುವುದು. ಹಾಕಿಕೊಂಡು ಕನ್ನಡಿ ನೋಡಿ ನಗುತ್ತಾರೆ.

"ಏನಾತ್ರಿ ಅಳಿಯಂದಿರ? ಆ ಹುಡುಗಿ ಗಂಡ ಒಪ್ಪಿಕೊಂಡನೇನು?"

ಇಲ್ಲ ಎಂದೆ. ಆರು ಫೋಟೋ, ಎರಡು ಸಾಲು, ಚುಕ್ಕಿ ಎಲ್ಲ ಹೇಳಿದೆ. ಅವರು ರೊಟ್ಟಿ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟರು.

"ಭಾವನ ಫೋಟೋನೂ ಗಂಡನ ಫೋಟೋನೂ ಕೂಡೇ ಇಟ್ಟಿದ್ರೇನ್ರಿ?"

"ಹೌದು. ಯಾಕೆ?"

"ಹಂಗಾದ್ರ ಅಕಿ ನೋಡೂದರ ಹೆಂಗರಿ?" ಎಂದರು ಅತ್ತೆ, ಇದೂ ಗೊತ್ತಿಲ್ಲವೇ ಎನ್ನುವ ಧ್ವನಿಯಲ್ಲಿ. "ಗಂಡನ ಅಣ್ಣನ ಮಾರಿ ಯಾರರ ನೋಡ್ತಾರೇನು? ಭಾವ ಪಡಸಾಲಿಗೆ ಬಂದ್ರ ಸೆರಗು ಮುಂದ ಬರತೈತಿ, ಕಣ್ಣು ಆ ಕಡೆ ಹೋಗತಾವ. ನಾವ ಸರಸೂದಲ್ರಿ ಅಳಿಯಂದಿರ, ತಾವ ಸರೀತಾವ. ನಲವತ್ತ ವರ್ಷ ನಮ್ಮ ಭಾವನ ಕೈಯಾಗ ಉಂಡೀನಿ, ತಿಂದೀನಿ. ಆತನ ಮೂಗು ಹೆಂಗಿತ್ತು ಕೇಳ್ರಿ, ಹೇಳಾಕ ಬರೂದಿಲ್ಲ ನನಗ."

ಗಿರಿಜಾ ಅಡುಗೆಮನೆಯಿಂದ, "ನೀನಾರ ಸುಮ್ನಿರವ್ವಾ, ಅವರಿಗೆ ಅದೆಲ್ಲ ಎಲ್ಲಿ ತಿಳೀತೈತಿ," ಎಂದಳು. ನನ್ನ ಅಣ್ಣ ತುಮಕೂರಿನಿಂದ ಬಂದಾಗ ಅತ್ತೆ, ಮಗಳನ್ನು ಒಳಗೆ ಕರೆದು ಸೆರಗು ಸರಿಮಾಡಿಕೋ ಎನ್ನುತ್ತಿದ್ದುದು ನೆನಪಾಯಿತು. ಅದನ್ನು ಹೇಳಿ ಹೇಳಿ ನಾನು ಎಷ್ಟು ಸಲ ನಕ್ಕಿದ್ದೆ!

ಎಂಜಲು ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದೆ. ಟೋಪಿ ತಂದು ಅತ್ತೆಯ ತಲೆಗೆ ಹಾಕಿದೆ. ಪಡಸಾಲೆಯ ಗೋಡೆಗೆ ಅವರ ಮದುವೆಯ ಗುಂಪು ಫೋಟೋ ಇತ್ತು. ಎಡತುದಿಯಲ್ಲಿ ಅವರ ಭಾವ ಪೇಟ ಸುತ್ತಿ ಕೂತಿದ್ದಾರೆ, ತೀರಿಹೋಗಿ ಹದಿನೈದು ವರ್ಷವಾಯಿತು. ಮಧ್ಯದ ಹೂದಾನಿಯನ್ನು ನೋಡುತ್ತಿರಿ ಎಂದು ಹೇಳಿದೆ. ಯಾವ ಸೋಸುವಿಕೆಯೂ ಇಲ್ಲದೆ ನಕ್ಷೆಯನ್ನು ಹಸಿಹಸಿಯಾಗಿ ಲ್ಯಾಪ್‌ಟಾಪಿಗೆ ಹರಿಸಿದೆ.

ಮೊದಲು ಚುಕ್ಕಿ ಎಡತುದಿಗೆ, ಭಾವನ ಮುಖಕ್ಕೆ ಹೋಯಿತು. ಎಪ್ಪತ್ತು ಮಿಲಿಸೆಕೆಂಡ್ ಅಲ್ಲಿತ್ತು. ಆಮೇಲೆ ಅಲ್ಲಿಂದ ಕಿತ್ತು, ಅಷ್ಟೇ ದೂರಕ್ಕೆ, ಎದುರು ದಿಕ್ಕಿಗೆ ಹಾರಿತು. ಬಲತುದಿಯಲ್ಲಿದ್ದ ಯಾರೋ ಬ್ಯಾಂಡಿನವನ ಮೇಲೆ ಕೂತು ಅಲ್ಲೇ ನಿಂತಿತು.

ನಮ್ಮ ವಿದ್ಯೆಯಲ್ಲಿ ಇದು ಹಳೆಯ ಸಂಗತಿ. ಒಂದು ವಸ್ತುವನ್ನು ನೋಡಬೇಡ, ಅದರ ಎದುರು ದಿಕ್ಕು ನೋಡು ಎಂದು ಪಳಗಿಸಿದರೆ, ಪೆರೈಟಲ್ ಕಾರ್ಟೆಕ್ಸಿನಲ್ಲಿ ನಕ್ಷೆ ಮೊದಲು ಆ ವಸ್ತುವಿನ ಜಾಗದಲ್ಲಿ ಉರಿದು, ತಕ್ಷಣ ಎದುರು ಜಾಗಕ್ಕೆ ಮಗುಚುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪಾಠ ಮಾಡಿದ್ದೆ. ನನ್ನ ಅಡುಗೆಮನೆಯಲ್ಲಿ ಓಡಾಡುವ ಹೆಂಗಸರ ತಲೆಯೊಳಗೆ ಅದು ನಡೆಯುತ್ತಿರಬಹುದು ಎಂದು ಹೊಳೆದಿರಲಿಲ್ಲ.

ನೀಲವ್ವನ ದಾಖಲೆ ತೆಗೆದೆ. ಯಂತ್ರ ಮೊದಲ ನೂರು ಮಿಲಿಸೆಕೆಂಡನ್ನು ಗದ್ದಲವೆಂದು ಎಸೆಯುವಂತೆ ಮಾಡಿದ್ದವನು ನಾನೇ. ಚುಕ್ಕಿ ಅಲುಗಾಡದೆ ಅಚ್ಚುಕಟ್ಟಾಗಿ ಕಾಣಲಿ ಎಂದು. ಆ ಸೋಸುವಿಕೆ ತೆಗೆದು ನೋಡಿದೆ. ನಲವತ್ತರಲ್ಲಿ ಮೂವತ್ತೆಂಟು ಸಲ, ಐದನೇ ಚೌಕಕ್ಕೆ ಹೋಗುವ ಮುನ್ನ ಚುಕ್ಕಿ ಇನ್ನೊಂದು ಕಡೆ ಉರಿದಿತ್ತು. ಎರಡನೇ ಚೌಕದ ಮೇಲೆ. ಫಕೀರಪ್ಪನ ಮುಖದ ಮೇಲೆ. ಮೆತ್ತಗಲ್ಲ, ಅತ್ತೆಯದಕ್ಕಿಂತ ನಾಲ್ಕು ಪಟ್ಟು ಜೋರಾಗಿ. ಮರ್ಯಾದೆಗೆ ಅಷ್ಟು ಉರಿಯುವುದಿಲ್ಲ. ಅದು ಭಯ.

ಎರಡರ ಎದುರು ಐದು. ಪಂಚನಾಮೆಯ ಕ್ರಮ ಬದಲಾಗಿ ಐದರಲ್ಲಿ ಬೇರೊಬ್ಬ ಆಳು ಇದ್ದಿದ್ದರೆ ಅವನ ಹಲ್ಲು ಉದುರುತ್ತಿದ್ದವು.

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಹಾದಿಮನಿಗೆ ಫೋನ್ ಮಾಡಿದೆ. "ಕೋರ್ಟಿಗೆ ಹೊಂಟೀವ್ರಿ, ಆಮ್ಯಾಲೆ ಮಾತಾಡೂಣು," ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಚಪ್ಪಲಿ ಇಲ್ಲದೆ ಸ್ಕೂಟರ್ ಹತ್ತಿದೆ.

ಕೋರ್ಟಿನ ಗೇಟಿನ ಎದುರು ವ್ಯಾನು ಬಂದು ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಕಳಕಪ್ಪನನ್ನು ಇಳಿಸುತ್ತಿದ್ದರು. ಅಂಗಾಲು ಊರಲಾಗದೆ ಅವನು ಹಿಮ್ಮಡಿಯ ಮೇಲೆ ಕುಂಟುತ್ತಿದ್ದ, ಮುರಿದ ಕೈ ಬಟ್ಟೆಯಲ್ಲಿ ಕಟ್ಟಿತ್ತು. ಜನ ಸೇರಿದ್ದರು. ಚಹಾ ಅಂಗಡಿಯ ಬದಿಯಿಂದ ದ್ಯಾಮಣ್ಣ ನಡೆದು ಬರುವುದು ನನಗೆ ಕಂಡಿತು. ಅವನು ಓಡುತ್ತಿರಲಿಲ್ಲ. ಹೆಗಲ ಟವೆಲಿನ ತುದಿಯನ್ನು ಬಲಗೈಗೆ ಸುತ್ತಿದ್ದ. ಕಳಕಪ್ಪನಿಗೂ ಅವನು ಕಂಡ. ಒಂದೇ ಕಣ್ಣಿನಲ್ಲಿ ಅವನನ್ನೇ ನೋಡುತ್ತ, ಹಿಂದಕ್ಕೆ ಸರಿಯಲು ಹೆಜ್ಜೆ ಎತ್ತಿದ್ದ.

ಆಗ ನಾನು ಕೂಗಿದೆ.

"ಕಳಕಪ್ಪಾ! ನೀನಲ್ಲ! ನೀನಲ್ಲ ಅಂತ ಗೊತ್ತಾಯ್ತು!"

ಜೋರು ಸದ್ದು ಕಿವಿಗೆ ಬಿದ್ದರೆ ಕಣ್ಣು ಆ ಕಡೆ ಜಿಗಿಯಲು ಇನ್ನೂರು ಮಿಲಿಸೆಕೆಂಡ್ ಸಾಕು. ಯೋಚನೆ ಅದಕ್ಕೆ ಬೇಕಿಲ್ಲ, ತಡೆಯಲೂ ಆಗುವುದಿಲ್ಲ. ಅದರಲ್ಲೂ ಕೂಗಿದ್ದು ಅವನ ಹೆಸರು. ಕಳಕಪ್ಪನ ಕಣ್ಣು ದ್ಯಾಮಣ್ಣನನ್ನು ಬಿಟ್ಟು ನನ್ನ ಕಡೆ ಬಂತು. ನನ್ನನ್ನು ಕಂಡಿತು. ಎತ್ತಿದ ಹೆಜ್ಜೆ ಅಲ್ಲೇ ನಿಂತಿತು.

ಟವೆಲಿನಿಂದ ಕಲ್ಲಿನ ಉಳಿ ಹೊರಬಂತು. ಮೊದಲ ಇರಿತ ಕಿವಿಯ ಕೆಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ದ್ಯಾಮಣ್ಣ ಅಂಗೈಯಿಂದ ಅದರ ಹಿಡಿಯನ್ನು ಕಲ್ಲಿಗೆ ಬಡಿಯುವಂತೆ ಒಮ್ಮೆ ಬಡಿದು, ಕಿತ್ತು, ಮತ್ತೆ ಕುತ್ತಿಗೆಗೆ ಹಾಕಿದ. ಮೂರನೆಯದು ಎದೆಗೆ. ರಕ್ತ ವ್ಯಾನಿನ ಬಾಗಿಲಿಗೆ, ಪೊಲೀಸರ ಅಂಗಿಗೆ, ನನ್ನ ಬರಿಗಾಲಿಗೆ ಚಿಮ್ಮಿತು. ಪೊಲೀಸರು ಲಾಠಿಯಲ್ಲಿ ದ್ಯಾಮಣ್ಣನ ತಲೆ ಒಡೆಯುವ ಹೊತ್ತಿಗೆ ಅವನ ಕೆಲಸ ಮುಗಿದಿತ್ತು.

ಕಳಕಪ್ಪ ನನ್ನ ಕಾಲ ಹತ್ತಿರವೇ ಬಿದ್ದ. ನಾನು ಎರಡೂ ಕೈಯಲ್ಲಿ ಅವನ ಕುತ್ತಿಗೆ ಒತ್ತಿ ಹಿಡಿದೆ, ಬೆರಳ ಸಂದಿಯಿಂದ ಬಿಸಿಯಾಗಿ ಹರಿಯುತ್ತಲೇ ಇತ್ತು. ಅವನ ಒಂಟಿ ಕಣ್ಣು ಅತ್ತ ಇತ್ತ ಜಿಗಿಯುತ್ತಿತ್ತು. ಸೆಕೆಂಡಿಗೆ ಮೂರು ಸಲ, ನಾಲ್ಕು ಸಲ. ಆಮೇಲೆ ಒಂದು ಕಡೆ ನಿಂತಿತು.

ಹಣೆಯಿಂದ ರಕ್ತ ಇಳಿಯುತ್ತಿದ್ದ ದ್ಯಾಮಣ್ಣನನ್ನು ಪೊಲೀಸರು ಮಂಡಿಯೂರಿಸಿದ್ದರು. ನಾನು ಕೂಗಿದ್ದು ಅವನ ಕಿವಿಗೆ ಈಗ ಬಿದ್ದಂತಿತ್ತು.

"ಏನಂದ್ರಿ ಸಾಹೇಬ್ರ? ಇವ ಅಲ್ಲೇನ್ರಿ?"

ಅಲ್ಲ ಎಂದು ತಲೆ ಅಲ್ಲಾಡಿಸಿದೆ.

"ಮತ್ತ ಚುಕ್ಕಿ? ಚುಕ್ಕಿ ನೀವ ತೋರಿಸಿದ್ರಲ್ರಿ. ನನ್ನ ಕಣ್ಣಿಲೆ ನೋಡೀನಲ್ರಿ ನಾನು!"

ಅವನು ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಕೋಳ ಬಿದ್ದ ಕೈಗಳನ್ನು ಊರಿ ಹಣೆಯನ್ನು ಡಾಂಬರಿಗೆ ಚಚ್ಚಿಕೊಳ್ಳತೊಡಗಿದ. ನಾಲ್ವರು ಹಿಡಿದರೂ ನಿಲ್ಲಲಿಲ್ಲ.

ಫಕೀರಪ್ಪ ಕೋರ್ಟಿಗೆ ಬಂದಿದ್ದ. ತಮ್ಮನ ಹೆಣದ ಮೇಲೆ ಬಿದ್ದು ಮತ್ತೆ ಮೊದಲಿನಂತೆಯೇ ಅಳುತ್ತಿದ್ದ. ಆ ಸಂಜೆ ಹಾದಿಮನಿ ನನ್ನ ದಾಖಲೆ ನೋಡಿ, ಅರ್ಥವಾಗದೆ, ಆದರೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ಅವನನ್ನು ಕರೆಸಿದ. ಹೊಡೆಯುವುದೇ ಬೇಕಾಗಲಿಲ್ಲ. ಸುತ್ತಿಗೆಯ ಹಿಡಿಯನ್ನು ಒಲೆಗೆ ಹಾಕಿ ಸುಟ್ಟದ್ದು, ಅದರ ಕಬ್ಬಿಣದ ತಲೆಯನ್ನು ಕಲ್ಲು ತೊಳೆದ ಕೆಸರಿನಲ್ಲಿ ಹೂತದ್ದು ಎಲ್ಲ ಹೇಳಿದ. ಹಾದಿಮನಿ ಬರೆದುಕೊಂಡ ಹೇಳಿಕೆಯ ಒಂದು ಭಾಗವನ್ನು ನಾನು ಓದಿದ್ದೇನೆ, ಅದು ಹೀಗಿದೆ:

"ಮಧ್ಯಾಹ್ನ ಎಲ್ಲಾರೂ ಉಣ್ಣಾಕ ಹೋಗಿದ್ರು. ನಾ ಅಕಿ ಹೆಗಲ ಮ್ಯಾಲೆ ಕೈ ಇಟ್ಟೆ. ಒಂಬತ್ತು ವರ್ಷದಾಗ ಒಮ್ಮೆನೂ ತಲಿ ಎತ್ತದಾಕಿ, ಅವತ್ತ ಸೆರಗು ತಗದು ನನ್ನ ಮಾರಿ ದಿಟ್ಟಿಸಿ ನೋಡಿದಳು. ನೋಡಿ, ಉಗುಳಿ, ತಿರುಗಿ ನಡದಳು. ಹಂಗ ನೋಡಿದ್ದನ್ನ ನನಗ ತಡಕೊಳ್ಳಾಕ ಆಗಲಿಲ್ಲ."

ಹಾದಿಮನಿಯನ್ನು ಬೇರೆ ಊರಿಗೆ ವರ್ಗ ಮಾಡಿದರು. ನನಗೆ ಯಾರೂ ಏನೂ ಮಾಡಲಿಲ್ಲ. ತಾಂತ್ರಿಕ ಮಿತಿ ಎಂದು ಒಂದು ಸಾಲು ಬರೆದು ಕಡತ ಮುಚ್ಚಿದರು. ಆ ಸಾಲನ್ನು ನನ್ನಿಂದಲೇ ಬರೆಸಿದರು.

ಉಳಿದದ್ದು ನೀಲವ್ವ. ಅವಳಿಗೆ ಏನೂ ಗೊತ್ತಿರಲಿಲ್ಲ. ಹನ್ನೆರಡು ದಿನ ಬಿಟ್ಟು ಬೆಳಿಗ್ಗೆ ಹತ್ತಕ್ಕೆ ಅವಳ ಕೋಣೆಗೆ ಹೋದೆ. ಅತ್ತೆ ಜೊತೆಗೆ ಬಂದರು, ಅವಳ ಒಣಗಿದ ತಲೆಗೆ ಎಣ್ಣೆ ಹಚ್ಚಿ, ಹಣೆಗೆ ಅಂಟಿದ ಕೂದಲು ಸರಿಸಿದರು. ಸೋಸುವಿಕೆ ತೆಗೆದ ಟೋಪಿ ಹಾಕಿದೆ. ಕೇಸಿಗಾಗಿ ಅಲ್ಲ. ಕಳಕಪ್ಪ ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದ್ದೆನೋ ಎಂದು ತಿಳಿಯಬೇಕಿತ್ತು.

ಫಕೀರಪ್ಪನ ಫೋಟೋ ತೆಗೆದುಹಾಕಿ, ಉಳಿದ ಐದನ್ನು ಇಟ್ಟೆ. ಈ ಸಲ ಪಂಚನಾಮೆ ಇರಲಿಲ್ಲ. ಪ್ರತಿ ಸಲವೂ ಜಾಗ ಕಲಸಿದೆ. ಕಳಕಪ್ಪನನ್ನು ಒಂದನೇ ಚೌಕಕ್ಕೆ ಹಾಕಿದೆ, ಚುಕ್ಕಿ ನೇರ ಒಂದನೇ ಚೌಕಕ್ಕೆ ಹೋಯಿತು. ನಾಲ್ಕಕ್ಕೆ ಹಾಕಿದೆ, ನಾಲ್ಕಕ್ಕೆ ಹೋಯಿತು. ಮೂಲೆಯಲ್ಲಿ ಬೆರಳುಗುರಿನಷ್ಟು ಚಿಕ್ಕದು ಮಾಡಿ ಹಾಕಿದೆ, ಅಲ್ಲೂ ಹುಡುಕಿ ಹಿಡಿಯಿತು. ಹಿಡಿದ ಮೇಲೆ ಅಲ್ಲೇ ಇರುತ್ತಿತ್ತು, ನಾನು ಪರದೆ ಆರಿಸುವ ತನಕ. ಅವನು ಹೇಳಿದ್ದೇ ಸರಿ. ಅವಳು ಅವನನ್ನು ಹುಡುಕುತ್ತಿದ್ದಳು.

ಅತ್ತೆ ಸೆರಗಿನಿಂದ ಬಾಯಿ ಒತ್ತಿ ಹಿಡಿದು ಅಳುತ್ತಿದ್ದರು. "ತೋರಸ್ರಿ ಅಳಿಯಂದಿರ," ಎಂದರು. "ಹಿಂಗ ದಾರಿ ಕಾಯಿಸಬ್ಯಾಡ್ರಿ ಅಕಿನ್ನ."

ಕೊನೆಯ ಫೋಟೋ ಚೀಲದಲ್ಲಿತ್ತು. ಅದೇ ಕಳಕಪ್ಪ, ಅದೇ ಅಂಗಿ, ಚೌಕಟ್ಟು ಹಾಕಿಸಿ, ಹಣೆಯ ಮೇಲೆ ಕುಂಕುಮ, ಸುತ್ತ ಸೇವಂತಿಗೆ ಹಾರ. ಓದು ಬಾರದವರಿಗೂ ಅರ್ಥವಾಗುವ ಫೋಟೋ ಅದು. ಅದನ್ನು ಅವಳ ಎದುರು, ನಟ್ಟನಡುವಿಗಿಂತ ಸ್ವಲ್ಪ ಬಲಕ್ಕೆ ಹಿಡಿದೆ. ಪರದೆಯ ಮೇಲೆ ಚುಕ್ಕಿ ಅವನ ಮುಖಕ್ಕೆ ಹೋಯಿತು. ಅಲ್ಲಿಂದ ಹಾರಕ್ಕೆ, ಹಾರದಿಂದ ಮುಖಕ್ಕೆ, ಮುಖದಿಂದ ಹಾರಕ್ಕೆ. ಎಷ್ಟು ಹೊತ್ತು ಹಾಗೆ ಓಡಾಡಿತೋ ಗೊತ್ತಿಲ್ಲ. ಅವಳ ಕಣ್ಣು ಮಾತ್ರ ಅಲ್ಲಾಡದೆ ಎದುರಿನ ಗೋಡೆಯ ಮೇಲೇ ಇತ್ತು. ಎದೆಬಡಿತದ ಯಂತ್ರ ಒಂದೇ ಸಮನೆ ಕೂಗತೊಡಗಿತು. ನರ್ಸ್ ಓಡಿ ಬಂದಳು.

ಅವನು ಸತ್ತದ್ದು ಯಾರಿಂದ ಎಂದು ಅವಳಿಗೆ ಹೇಳಬೇಕಿತ್ತು. ಹೇಳದೆ ಅಲ್ಲಿಂದ ಹೋಗಿದ್ದರೆ ನನಗೂ ಫಕೀರಪ್ಪನಿಗೂ ಏನು ವ್ಯತ್ಯಾಸ? ಅವಳ ನೋಟದ ಎಡಬದಿಗೆ ಬಾಗಿ ನನ್ನ ಮುಖ ತೋರಿಸಿದೆ. ಅವಳ ತಲೆಯ ಮೇಲಿದ್ದ ಟೋಪಿಯನ್ನು ಮುಟ್ಟಿದೆ. ಹಾರ ಹಾಕಿದ ಫೋಟೋವನ್ನು ಮುಟ್ಟಿದೆ. ಆಮೇಲೆ ನನ್ನ ಎದೆಯನ್ನು ಮುಟ್ಟಿಕೊಂಡೆ. ಹೀಗೆ ಮೂರು ಸಲ ಮಾಡಿ ಕೈ ಮುಗಿದೆ.

ಮೂರನೆಯ ಸಲಕ್ಕೆ ಚುಕ್ಕಿ ಹಾರವನ್ನು ಬಿಟ್ಟು ನನ್ನ ಮುಖದ ಮೇಲೆ ಬಂತು. ಪರದೆಯನ್ನು ಕಂಡವರು ಯಾರಾದರೂ ಹೇಳಿಯಾರು, ಅಷ್ಟು ಜೋರಾಗಿ ಅದು ಉರಿದದ್ದು ಹಿಂದೆ ಒಮ್ಮೆ ಮಾತ್ರ, ಎರಡನೇ ಚೌಕದ ಮೇಲೆ.

ಎಪ್ಪತ್ತು ಮಿಲಿಸೆಕೆಂಡ್ ಅಲ್ಲಿತ್ತು. ಆಮೇಲೆ ಅಷ್ಟೇ ದೂರ, ಎದುರು ದಿಕ್ಕಿಗೆ ಹಾರಿತು. ನಾನು ಎಡಕ್ಕಿದ್ದೆ, ಅದು ಬಲಕ್ಕೆ ಹೋಯಿತು. ನಾನು ಬಲಕ್ಕೆ ಬಂದು ನಿಂತೆ, ಅದು ಎಡಕ್ಕೆ ಹೋಯಿತು.